ಸೋಡಚೀಟಿಯಿಂದ ಡಿಕ್ರಿಯವರೆಗೆ: ಹುಬ್ಬಳ್ಳಿ-ಧಾರವಾಡ ಪರಿಸರದಲ್ಲಿ ವಿಚ್ಛೇದನ ಮತ್ತು ಕಾನೂನು ನೆರವು

ಜಾನಪದ ಅಧ್ಯಯನಗಳಲ್ಲಿ ಮದುವೆಗೆ ದೊರೆತಿರುವ ಸ್ಥಾನ ಮದುವೆಯ ಬಿಡುಗಡೆಗೆ ದೊರೆತಿಲ್ಲ. ಅರಿಸಿನ ಹಚ್ಚುವುದರಿಂದ ಹಿಡಿದು ಉಡಿ ತುಂಬಿ ಗಂಡನ ಮನೆಗೆ ಕಳುಹಿಸುವವರೆಗಿನ ಆಚರಣೆಗಳು, ಹಾಡುಗಳು, ಬೀಗರ ಹಾಸ್ಯಗಳು ವಿಪುಲವಾಗಿ ಸಂಗ್ರಹಗೊಂಡಿವೆ. ಅದೇ ಹೆಣ್ಣುಮಗಳು ಬಾಳುವೆ ಸಾಗದೆ ತವರಿಗೆ ಮರಳಿದಾಗ ಕೂಡುತ್ತಿದ್ದ ದೈವ, ನಡೆಯುತ್ತಿದ್ದ ಲೆಕ್ಕಾಚಾರ, ಬರೆಯಿಸುತ್ತಿದ್ದ ಚೀಟಿ ಇವುಗಳ ಕಡೆಗೆ ವಿದ್ವಾಂಸರ ಲಕ್ಷ್ಯ ಹರಿದುದು ಕಡಿಮೆ. ಮಂಗಲಕಾರ್ಯದ ಸುತ್ತ ಹಾಡು ಹುಟ್ಟುತ್ತದೆ; ಬಿಡುಗಡೆಯ ಸುತ್ತ ಕಾಗದ ಹುಟ್ಟುತ್ತದೆ. ಆದ್ದರಿಂದ ವಿಚ್ಛೇದನದ ಜಾನಪದವನ್ನು ಅರಿಯಬೇಕಾದರೆ ಕಾಗದದ ಚರಿತ್ರೆಯನ್ನೇ ಹಿಡಿದು ನಡೆಯಬೇಕಾಗುತ್ತದೆ.

ಹುಬ್ಬಳ್ಳಿ-ಧಾರವಾಡ ಪರಿಸರದಲ್ಲಿ ಈ ಕಾಗದಕ್ಕೆ ಸೋಡಚೀಟಿ, ಸೋಡಪತ್ರ, ಫಾರಕತಿ ಎಂಬ ಹೆಸರುಗಳಿವೆ. ಇದನ್ನು ಬರೆಯಿಸಿಕೊಂಡರೆ ಮದುವೆ ಹರಿಯಿತೆಂಬ ನಂಬಿಕೆ ಇಂದಿಗೂ ಪೂರ್ತಿ ಅಳಿದಿಲ್ಲ. ಈ ನಂಬಿಕೆ ಒಂದು ಕಾಲದಲ್ಲಿ ನಿಜವಾಗಿದ್ದಿತು. ನ್ಯಾಯ ಹೇಳುವ ಅಧಿಕಾರ ದೈವದಿಂದ ಕೋರ್ಟಿಗೆ ದಾಟಿದ ಮೇಲೆ ಚೀಟಿ ಜನರ ಕೈಯಲ್ಲಿಯೇ ಉಳಿಯಿತು. ಚೀಟಿಗೆ ಬಲವನ್ನು ಕೊಡುತ್ತಿದ್ದ ಸಭೆ ಇಲ್ಲವಾಯಿತು. ಈ ಅಂತರದಲ್ಲಿ ಸಂಭವಿಸಿದ ತಪ್ಪುಗಳಿಗೆ ತೆತ್ತ ಬೆಲೆಯನ್ನೂ, ಆ ಬೆಲೆಯನ್ನು ತಗ್ಗಿಸಲು ಕಾನೂನು ನೆರವು ರೂಪುಗೊಂಡ ಬಗೆಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೈವದ ಕಟ್ಟೆ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ 'ದೈವ' ಎಂದರೆ ದೇವರೆಂಬ ಅರ್ಥದ ಜೊತೆಗೆ ಕೂಡಿದ ಜನಸಮುದಾಯವೆಂಬ ಅರ್ಥವೂ ಇದೆ. ಊರ ಅಥವಾ ಜಾತಿಯ ಹಿರಿಯರು ಕಟ್ಟೆಯ ಮೇಲೆ ಕೂಡಿ ಹೇಳಿದ ಮಾತು ದೈವದ ಮಾತು. 1884ರಲ್ಲಿ ಪ್ರಕಟವಾದ ಮುಂಬಯಿ ಗೆಜೆಟಿಯರಿನ ಧಾರವಾಡ ಸಂಪುಟವು ಜಿಲ್ಲೆಯ ಸಮುದಾಯಗಳನ್ನು ಒಂದೊಂದಾಗಿ ವರ್ಣಿಸುವಾಗ ವಿಧವೆಯರ ಮರುಮದುವೆ ರೂಢಿಯಲ್ಲಿದೆಯೇ, ತಂಟೆ ತಕರಾರುಗಳನ್ನು ಯಾರು ತೀರ್ಮಾನಿಸುತ್ತಾರೆ ಎಂಬುದನ್ನು ದಾಖಲಿಸುತ್ತ ಹೋಗುತ್ತದೆ. ಬ್ರಾಹ್ಮಣ ಮೊದಲಾದ ಕೆಲವು ಸಮುದಾಯಗಳನ್ನು ಬಿಟ್ಟರೆ ಒಕ್ಕಲುತನ, ನೇಯ್ಗೆ, ಕುರಿಸಾಕಣೆ, ಕೂಲಿ ಮಾಡಿ ಬದುಕುತ್ತಿದ್ದ ಬಹುಸಂಖ್ಯಾತ ಜನರಲ್ಲಿ ಮರುಮದುವೆಗೆ ಅವಕಾಶವಿದ್ದುದು ಇದರಿಂದ ಸ್ಪಷ್ಟವಾಗುತ್ತದೆ. ಈ ಮರುಮದುವೆಯೇ ಉಡಿಕೆ. ಸೀರೆ ಉಡಿಸುವುದೇ ಇದರ ಮುಖ್ಯ ವಿಧಿ. ಮೊದಲ ಮದುವೆಯ ಸಂಭ್ರಮ ಇದಕ್ಕಿರಲಿಲ್ಲ. ಎಷ್ಟೋ ಕಡೆ ಇದು ಇರುಳಿನಲ್ಲಿ ನಡೆಯುತ್ತಿತ್ತು. ಆದರೂ ಉಡಿಕೆಯಾದವಳ ಸಂಸಾರ ಸಮುದಾಯದ ಕಣ್ಣಿನಲ್ಲಿ ಸಂಸಾರವೇ ಆಗಿತ್ತು.

ಗಂಡನಿರುವ ಹೆಣ್ಣು ಉಡಿಕೆಯಾಗಬೇಕಾದರೆ ಮೊದಲು ಬಿಡುಗಡೆ ಆಗಬೇಕಿತ್ತು. ಇದಕ್ಕೆ ಸಂಬಂಧಿಸಿದ ಪದಗಳೇ ಒಂದು ಚರಿತ್ರೆಯನ್ನು ಹೇಳುತ್ತವೆ. 'ಸೋಡ' ಎಂಬುದು ಬಿಡು ಎಂಬ ಅರ್ಥದ ಮರಾಠಿ ಮಾತಿನಿಂದ ಬಂದುದು. 'ಫಾರಕತಿ' ಅರಬ್ಬಿ-ಫಾರಸಿ ಮೂಲದ ದಫ್ತರದ ಪದ. ಸಾಲ ತೀರಿದಾಗ, ಪಾಲು ಹರಿದಾಗ ಬರೆಯುವ ಬಿಡುಗಡೆ ಪತ್ರಕ್ಕೂ ಅದೇ ಹೆಸರು. ಪೇಶ್ವೆಯರ ಆಳ್ವಿಕೆಯಲ್ಲಿ ಮರಾಠಿ ಭಾಷೆ, ಮೋಡಿ ಲಿಪಿಗಳು ಆಡಳಿತದಲ್ಲಿ ನೆಲೆಯೂರಿದ್ದರಿಂದ ಕನ್ನಡ ಮಾತನಾಡುವ ಜನರ ಸಂಸಾರದ ಬಿಡುಗಡೆಯೂ ದಫ್ತರದ ಭಾಷೆಯ ಹೆಸರನ್ನು ಪಡೆಯಿತು. ಮರಾಠಿಯಲ್ಲಿ ವಿಚ್ಛೇದನಕ್ಕೆ 'ಕಾಡೀಮೋಡ' ಎಂಬ ಇನ್ನೊಂದು ಮಾತಿದೆ. ಕಡ್ಡಿ ಮುರಿಯುವುದು ಎಂದು ಅದರ ಅರ್ಥ. ಮುರಿದ ಕಡ್ಡಿ ಮತ್ತೆ ಕೂಡದು ಎಂಬುದು ಅಕ್ಷರ ಬಾರದವರಿಗೂ ತಿಳಿಯುವ ಸಂಕೇತ. ಕಡ್ಡಿ ಎಲ್ಲರಿಗೂ ಅರ್ಥವಾಗುತ್ತಿತ್ತು, ಚೀಟಿಯನ್ನು ಓದಿಸಿಕೊಳ್ಳಬೇಕಾಗುತ್ತಿತ್ತು. ಓದಿ ಹೇಳುವವರ ಅವಲಂಬನೆ ಇಲ್ಲಿಂದಲೇ ಮೊದಲಾಯಿತೆನ್ನಬಹುದು.

ದೈವದ ನ್ಯಾಯದಲ್ಲಿ ಎರಡು ಗುಣಗಳನ್ನು ಗುರುತಿಸಬೇಕು. ಮೊದಲನೆಯದು ಸಾಕ್ಷಿತ್ವ. ಹತ್ತು ಜನ ಹಿರಿಯರ ಎದುರಿಗೆ ಆದ ಬಿಡುಗಡೆಯನ್ನು ಮುಂದೆ ಯಾರೂ ಅಲ್ಲಗಳೆಯುವಂತಿರಲಿಲ್ಲ. ಎರಡನೆಯದು ಒಟ್ಟು ಲೆಕ್ಕ. ಗಂಡಿನ ಕಡೆಯವರು ಕೊಟ್ಟ ತೆರ, ತವರಿನಿಂದ ಬಂದ ಬಂಗಾರ ಮತ್ತು ಭಾಂಡೆ, ಮಕ್ಕಳು ಯಾರ ಕಡೆಗೆ, ಮದುವೆಯ ಖರ್ಚು ಯಾರ ತಲೆಯ ಮೇಲೆ ಎಂಬೆಲ್ಲ ಪ್ರಶ್ನೆಗಳು ಒಂದೇ ಕೂಟದಲ್ಲಿ ತೀರ್ಮಾನವಾಗುತ್ತಿದ್ದವು. ಈ ನ್ಯಾಯ ಯಾವಾಗಲೂ ಹೆಣ್ಣಿನ ಪರವಾಗಿತ್ತೆಂದು ತಿಳಿಯಲಾಗದು. ಕಟ್ಟೆಯ ಮೇಲೆ ಕೂಡುವವರು ಗಂಡಸರು. ಹೆಣ್ಣಿನ ಮಾತನ್ನು ತಂದೆಯೋ ಅಣ್ಣನೋ ಆಡುತ್ತಿದ್ದನು. ತೆರ ಮರಳಿಸಲಾರದ ಬಡ ತವರಿನವಳಿಗೆ ಬಿಡುಗಡೆಯೇ ದುಸ್ತರವಾಗುತ್ತಿತ್ತು. ದೈವದ ಮಾತು ಮೀರಿದವರಿಗೆ ದಂಡ ಇಲ್ಲವೆ ಬಹಿಷ್ಕಾರ ಕಾದಿರುತ್ತಿತ್ತು. ಆದರೂ ಬಿಡುಗಡೆಯ ಬಳಿಕ ತಾನು ಯಾರ ಹೆಂಡತಿ, ಯಾರ ಹೆಂಡತಿಯಲ್ಲ ಎಂಬ ಬಗ್ಗೆ ಅವಳಿಗೆ ಸಂದೇಹ ಉಳಿಯುತ್ತಿರಲಿಲ್ಲ ಎಂಬುದು ಗಮನಾರ್ಹ.

ರೂಢಿಯನ್ನು ತೂಗಿದ ನ್ಯಾಯಾಲಯ

1818ರಲ್ಲಿ ಪೇಶ್ವೆ ಆಳ್ವಿಕೆ ಕೊನೆಗೊಂಡು ಧಾರವಾಡ ಸೀಮೆ ಕಂಪನಿ ಸರಕಾರಕ್ಕೆ ಸೇರಿತು. ಮುಂಬಯಿ ಪ್ರಾಂತದ 1827ರ 4ನೆಯ ರೆಗ್ಯುಲೇಶನ್ನಿನ 26ನೆಯ ಕಲಮು, ಶಾಸನವಿಲ್ಲದೆಡೆ ಆಯಾ ಸೀಮೆಯ ರೂಢಿಯನ್ನೂ, ಅದೂ ಇಲ್ಲದೆಡೆ ಪ್ರತಿವಾದಿಯ ಧರ್ಮಶಾಸ್ತ್ರವನ್ನೂ ಅನುಸರಿಸಬೇಕೆಂದು ವಿಧಿಸಿತು. ಅದೇ ವರ್ಷದ 2ನೆಯ ರೆಗ್ಯುಲೇಶನ್ನು ಜಾತಿಯ ಒಳಗಿನ ಪ್ರಶ್ನೆಗಳಲ್ಲಿ ಕೋರ್ಟುಗಳು ಕೈಹಾಕಬಾರದೆಂದಿತು. ಪುಣೆ ಮೊದಲಾದ ಕಡೆಗಳ ಜಾತಿಪಂಚಾಯತಿಗಳ ಹೇಳಿಕೆಗಳನ್ನು ಸಂಗ್ರಹಿಸಿ ಆರ್ಥರ್ ಸ್ಟೀಲ್ ಸಿದ್ಧಪಡಿಸಿದ ರೂಢಿಗಳ ಕೋಶವೂ 1827ರಲ್ಲಿಯೇ ಹೊರಬಂದಿತು. ಮೇಲುನೋಟಕ್ಕೆ ಇದು ದೈವಕ್ಕೆ ದೊರೆತ ಮನ್ನಣೆ. ಆದರೆ ರೂಢಿ ಯಾವುದು, ಅದು ಒಪ್ಪತಕ್ಕದ್ದೇ ಎಂದು ಹೇಳುವ ಅಧಿಕಾರ ಕ್ರಮೇಣ ನ್ಯಾಯಾಧೀಶರಿಗೆ ಸೇರಿತು.

ಮುಂಬಯಿ ಹೈಕೋರ್ಟಿನ ಮೂರು ತೀರ್ಪುಗಳು ಈ ಪಲ್ಲಟವನ್ನು ತೋರಿಸುತ್ತವೆ. 1864ರ ಕರ್ಸನ್ ಗೋಜಾ ಪ್ರಕರಣದಲ್ಲಿ ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ಬೇರೊಬ್ಬನನ್ನು ಕೂಡಿಕೊಳ್ಳಬಹುದೆಂಬ ಜಾತಿರೂಢಿಯನ್ನು ನ್ಯಾಯಾಲಯ ಒಪ್ಪಲಿಲ್ಲ. 1876ರ ಸಂಭು ರಘು ಪ್ರಕರಣದಲ್ಲಿ, ಮದುವೆಯನ್ನು ಬಿಡಿಸಿ ಮರುಮದುವೆಗೆ ಅಪ್ಪಣೆ ಕೊಡುವ ಅಧಿಕಾರ ಜಾತಿಗೆ ಇಲ್ಲವೆಂದು ಹೇಳಿದ್ದಲ್ಲದೆ, ಜಾತಿಯ ಅಪ್ಪಣೆಯಿದ್ದರೆ ಸಾಕೆಂದು ಪ್ರಾಮಾಣಿಕವಾಗಿ ನಂಬಿದ್ದೆವೆಂಬ ಸಮಾಧಾನ ದ್ವಿಪತಿತ್ವದ ಆರೋಪಕ್ಕೆ ಉತ್ತರವಾಗದು ಎಂದೂ ನಿರ್ಣಯಿಸಿತು. 1915ರ ಕೇಶವ ಹರಗೋವನ್ ಪ್ರಕರಣದಲ್ಲಿ, ಒಬ್ಬರ ಇಷ್ಟಕ್ಕೆ ವಿರುದ್ಧವಾಗಿ ಇನ್ನೊಬ್ಬರು ಗೊತ್ತಾದ ಹಣ ಕೊಟ್ಟು ಮದುವೆ ಹರಿದುಕೊಳ್ಳುವ ರೂಢಿ ಲೋಕನೀತಿಗೆ ವಿರುದ್ಧವೆಂದಿತು. ಈ ಮೊಕದ್ದಮೆಗಳು ಧಾರವಾಡದವಲ್ಲ. ಆದರೆ ಅದೇ ಹೈಕೋರ್ಟಿನ ಕೆಳಗಿದ್ದ ಧಾರವಾಡ ಜಿಲ್ಲೆಗೂ ಅವುಗಳ ತತ್ವ ಅನ್ವಯಿಸಿತು. ಇತ್ತ ಮದ್ರಾಸ್ ಹೈಕೋರ್ಟು 1885ರಲ್ಲಿ, ಗಂಡ ತೊರೆದ ಲಿಂಗಾಯತ ಹೆಣ್ಣುಮಗಳ ಮರುಮದುವೆಯ ರೂಢಿಯನ್ನು ಮಾನ್ಯ ಮಾಡಿತು. ಇಬ್ಬರೂ ಒಪ್ಪಿದ ಅಥವಾ ಗಂಡ ಕೈಬಿಟ್ಟ ಸಂದರ್ಭದ ಬಿಡುಗಡೆ ರೂಢಿಯಾಗಿ ಉಳಿಯಿತು. ಹೆಣ್ಣು ತಾನಾಗಿ ಹೊರಬರುವ ದಾರಿ ಇಕ್ಕಟ್ಟಾಯಿತು. 1876ರ ತೀರ್ಪಿನ ಬಳಿಕ ದೈವದ ಮಾತನ್ನು ನಂಬಿ ಉಡಿಕೆಯಾದವಳು ಅಪರಾಧಿಯಾಗುವ ಸಾಧ್ಯತೆ ತೆರೆಯಿತು. ತಿಳಿಯದೆ ಮಾಡಿದ ತಪ್ಪಿಗೆ ಕಾನೂನು ವಿಧಿಸುವ ಬೆಲೆಯ ಮೊದಲ ದಾಖಲೆಗಳಲ್ಲಿ ಇದೂ ಒಂದು.

ಇದೇ ಅವಧಿಯಲ್ಲಿ ಬೇರೆ ಸಮುದಾಯಗಳ ದಾರಿಗಳೂ ಬೇರೆಯಾದವು. ಬಾಸೆಲ್ ಮಿಶನ್ ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ ನೆಲೆಯೂರಿತು. ಕ್ರೈಸ್ತರಿಗೆ 1869ರ ಭಾರತೀಯ ವಿಚ್ಛೇದನ ಕಾಯಿದೆ ಅನ್ವಯವಾಯಿತು. ಅದರ ಪ್ರಕಾರ ಜಿಲ್ಲಾ ನ್ಯಾಯಾಲಯ ಕೊಟ್ಟ ಡಿಕ್ರಿಯನ್ನು ಹೈಕೋರ್ಟು ಸ್ಥಿರಪಡಿಸಬೇಕಿತ್ತು. ಈ ನಿರ್ಬಂಧ 2001ರ ತಿದ್ದುಪಡಿಯವರೆಗೂ ಉಳಿದಿತ್ತು. ಹುಬ್ಬಳ್ಳಿಯ ದೊಡ್ಡ ಮುಸ್ಲಿಂ ಸಮುದಾಯಕ್ಕೆ 1937ರ ಶರಿಯತ್ ಕಾಯಿದೆ ಅನ್ವಯಿಸಿತು. ಹೆಣ್ಣುಮಕ್ಕಳಿಗೆ ನ್ಯಾಯಾಲಯದ ಮೂಲಕ ಬಿಡುಗಡೆ ಪಡೆಯುವ ಆಧಾರಗಳನ್ನು 1939ರ ಕಾಯಿದೆ ಒದಗಿಸಿತು. ಒಂದೇ ಓಣಿಯ ಮೂರು ಮನೆಗಳ ಮೂರು ಸಂಸಾರಗಳು ಮುರಿದರೆ ಮೂರು ಬೇರೆ ಕಾನೂನುಗಳು ತೆರೆದುಕೊಳ್ಳುವ ಸ್ಥಿತಿ ಉಂಟಾಯಿತು. ಕಟ್ಟೆಯ ಹಿರಿಯನಿಗೆ ಈ ಮೂರೂ ತಿಳಿದಿರುವುದು ಸಾಧ್ಯವಿರಲಿಲ್ಲ. ವಕೀಲನ ಅಗತ್ಯ ಅನಿವಾರ್ಯವಾಯಿತು.

1946ರಿಂದ 1956ರ ದಶಕ

ಕೇಂದ್ರದ ಹಿಂದೂ ವಿವಾಹ ಕಾಯಿದೆಗಿಂತ ಮೊದಲೇ ಧಾರವಾಡ ಜಿಲ್ಲೆಯಲ್ಲಿ ವಿಚ್ಛೇದನ ಶಾಸನಬದ್ಧವಾಗಿತ್ತೆಂಬುದನ್ನು ವಿಶೇಷವಾಗಿ ಹೇಳಬೇಕು. ಮುಂಬಯಿ ಪ್ರಾಂತ 1946ರಲ್ಲಿ ಹಿಂದೂ ದ್ವಿಪತ್ನಿತ್ವ ನಿರ್ಬಂಧಕ ಕಾಯಿದೆಯನ್ನೂ, 1947ರಲ್ಲಿ ಹಿಂದೂ ವಿಚ್ಛೇದನ ಕಾಯಿದೆಯನ್ನೂ ಅಂಗೀಕರಿಸಿತು. ರೂಢಿಯಲ್ಲಿ ವಿಚ್ಛೇದನವೇ ಇಲ್ಲದ ಸಮುದಾಯಗಳ ಹೆಣ್ಣುಮಕ್ಕಳಿಗೂ ಇದರಿಂದ ಕೋರ್ಟಿನ ಬಾಗಿಲು ತೆರೆಯಿತು. ದ್ವಿಪತ್ನಿತ್ವದ ಕಾಯಿದೆಯನ್ನು ಮುಂಬಯಿ ಹೈಕೋರ್ಟು ನರಸು ಅಪ್ಪಾ ಮಾಳಿ ಪ್ರಕರಣದಲ್ಲಿ ಎತ್ತಿಹಿಡಿಯಿತು. 1949ರ ಮುಂಬಯಿ ಬಹಿಷ್ಕಾರ ನಿಷೇಧ ಕಾಯಿದೆಯು ದೈವದ ಕೈಯಲ್ಲಿದ್ದ ಕೊನೆಯ ಆಯುಧವನ್ನೂ ಕಿತ್ತುಕೊಂಡಿತು. 1962ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ರದ್ದುಪಡಿಸಿದರೂ ದೈವದ ಹಿಂದಿನ ಬಿಗಿ ಮರಳಲಿಲ್ಲ.

1955ರ ಹಿಂದೂ ವಿವಾಹ ಕಾಯಿದೆ ಪ್ರಾಂತೀಯ ಶಾಸನಗಳನ್ನು ರದ್ದುಮಾಡಿ ದೇಶಕ್ಕೆಲ್ಲ ಒಂದೇ ಕ್ರಮವನ್ನು ತಂದಿತು. ಆದರೆ ಅದರ 29ನೆಯ ಕಲಮಿನ 2ನೆಯ ಉಪಕಲಮು ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಹಾಗೆಯೇ ಉಳಿಸಿತು. ಸೋಡಚೀಟಿಯ ಮುಂದಿನ ಬಾಳು ಈ ಒಂದು ವಾಕ್ಯದ ಆಸರೆಯಲ್ಲಿ ಸಾಗಿತು. ರೂಢಿ ಎಂದರೆ ಬಹುಕಾಲದಿಂದ ಎಡೆಬಿಡದೆ ಏಕರೂಪವಾಗಿ ನಡೆದುಬಂದುದು, ನಿಶ್ಚಿತವಾದುದು, ಲೋಕನೀತಿಗೆ ವಿರೋಧವಲ್ಲದುದು ಎಂದು ಕಾಯಿದೆಯ 3ನೆಯ ಕಲಮು ಹೇಳುತ್ತದೆ. ಈ ಲಕ್ಷಣಗಳು ತಮ್ಮ ಸಮುದಾಯದ ರೂಢಿಗೆ ಇವೆಯೆಂದು ಸಾಬೀತುಪಡಿಸುವ ಹೊರೆ ರೂಢಿಯನ್ನು ಆಶ್ರಯಿಸಿದವರ ಮೇಲಿದೆ. ಜನರ ತಿಳಿವಳಿಕೆಗೆ ಮೊದಲ ಮಾತು ಇಳಿಯಿತು, ಎರಡನೆಯದು ಇಳಿಯಲಿಲ್ಲ.

1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ಮೇಲ್ಮನವಿಯ ದಾರಿ ಮುಂಬಯಿಯಿಂದ ಬೆಂಗಳೂರಿಗೆ ತಿರುಗಿತು. ನಾನೂರು ಕಿಲೋಮೀಟರಿಗೂ ಮಿಕ್ಕಿದ ದೂರ, ಅಲ್ಲಿಯ ವಕೀಲರ ಶುಲ್ಕ, ಉಳಿಯುವ ವೆಚ್ಚ ಇವೆಲ್ಲ ಸೇರಿ ಕೆಳಗಿನ ಕೋರ್ಟಿನ ತೀರ್ಪೇ ಬಡವರ ಪಾಲಿಗೆ ಕೊನೆಯ ತೀರ್ಪಾಯಿತು. ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ 2008ರ ಜುಲೈ 4ರಂದು ಆರಂಭವಾಗಿ, 2013ರ ಆಗಸ್ಟ್ 25ರಿಂದ ಶಾಶ್ವತ ಪೀಠವಾದುದರ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು.

ಛಾಪಾ ಕಾಗದದ ಸೋಡಚೀಟಿ

ದೈವ ಕರಗಿದ ಮೇಲೆ ಸೋಡಚೀಟಿ ರೂಪವನ್ನು ಬದಲಿಸಿತು. ಕಟ್ಟೆಯಲ್ಲಿ ಹುಟ್ಟುತ್ತಿದ್ದ ಚೀಟಿ ಕಚೇರಿಯ ಹೊರಗಿನ ಬರಹಗಾರರ ಮೇಜಿನ ಮೇಲೆ, ಛಾಪಾ ಕಾಗದದಲ್ಲಿ, ಇಬ್ಬರು ಸಾಕ್ಷಿಗಳ ರುಜುವಿನೊಂದಿಗೆ, ನೋಟರಿಯ ಮೊಹರಿನೊಂದಿಗೆ ಹುಟ್ಟತೊಡಗಿತು. ಮೊಹರು ಬಿದ್ದ ಕಾಗದಕ್ಕೆ ಸರಕಾರದ ಬಲವಿದೆ ಎಂದು ಜನ ತಿಳಿದರು. ಹಳೆಯ ಚೀಟಿಯಲ್ಲಿದ್ದ ಸಾಕ್ಷಿತ್ವವಾಗಲಿ ಒಟ್ಟು ಲೆಕ್ಕವಾಗಲಿ ಹೊಸ ಕಾಗದದಲ್ಲಿರಲಿಲ್ಲ. ನೋಟರಿಗಳು ಮದುವೆ ಅಥವಾ ವಿಚ್ಛೇದನದ ಪತ್ರಗಳನ್ನು ಮಾಡಿಕೊಡುವಂತಿಲ್ಲವೆಂದು ಕೇಂದ್ರ ಸರಕಾರದ ಕಾನೂನು ಇಲಾಖೆ 2024ರಲ್ಲಿ ಸೂಚನೆ ಹೊರಡಿಸಬೇಕಾಗಿ ಬಂದುದು ಈ ಪದ್ಧತಿ ದೇಶದಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದಕ್ಕೆ ನಿದರ್ಶನ.

ಈ ಕಾಗದ ಮೂರು ಬಗೆಯ ಹಾನಿಯನ್ನು ಉಂಟುಮಾಡುತ್ತದೆ. ಮೊದಲನೆಯದಾಗಿ, ರೂಢಿ ಸಾಬೀತಾಗದಿದ್ದರೆ ಮದುವೆ ಹರಿಯುವುದೇ ಇಲ್ಲ. ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿ 1982ರಲ್ಲಿ ಬರೆದ ವಿಚ್ಛೇದನ ಪತ್ರದ ಪ್ರಶ್ನೆ 2002ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ರೂಢಿಯ ವಿಚ್ಛೇದನ ಸಾಮಾನ್ಯ ಕಾನೂನಿಗೆ ಅಪವಾದವಾದುದರಿಂದ ಅದನ್ನು ವಾದಪತ್ರದಲ್ಲಿ ಸ್ಪಷ್ಟವಾಗಿ ಹೇಳಿ ಸಾಕ್ಷ್ಯದಿಂದ ಸ್ಥಾಪಿಸಬೇಕೆಂದು ನ್ಯಾಯಾಲಯ ಹೇಳಿ, ಆ ಒಂದು ಅಂಶದ ವಿಚಾರಣೆಗಾಗಿ ದಾವೆಯನ್ನು ಕೆಳಗಿನ ಕೋರ್ಟಿಗೆ ಮರಳಿಸಿತು. ಆರಂಭದಲ್ಲಿ ಸೇರಿಸದೆ ಬಿಟ್ಟ ಒಂದು ವಾದಕ್ಕಾಗಿ ಇಪ್ಪತ್ತು ವರ್ಷಗಳ ಬಳಿಕ ಮತ್ತೆ ಮೊದಲಿಗೆ ಹೋಗಬೇಕಾಯಿತು.

ಎರಡನೆಯದಾಗಿ, ಅಂಥ ಕಾಗದವನ್ನು ನಂಬಿ ಮರುಮದುವೆಯಾದ ಹೆಣ್ಣಿನ ಎರಡನೆಯ ಮದುವೆ ಶೂನ್ಯವಾಗುತ್ತದೆ. ಶೂನ್ಯ ವಿವಾಹದ ಹೆಂಡತಿಗೆ ದಂಡಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನ ಜೀವನಾಂಶ ದೊರೆಯದೆಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಿತ್ತು. ಈ ಕಠೋರತೆ ಕ್ರಮೇಣ ಸಡಿಲಗೊಂಡಿದೆ. ಕೋರ್ಟಿನ ಡಿಕ್ರಿಯಿಲ್ಲದೆ ಬರಿಯ ಒಪ್ಪಂದ ಪತ್ರದಿಂದ ಮೊದಲ ಗಂಡನಿಂದ ಬೇರೆಯಾಗಿ, ಅದು ತಿಳಿದಿದ್ದ ಎರಡನೆಯವನನ್ನು ಮದುವೆಯಾಗಿದ್ದ ತೆಲಂಗಾಣದ ಮಹಿಳೆಗೆ ಆ ಎರಡನೆಯವನಿಂದ ಜೀವನಾಂಶ ಪಡೆಯುವ ಹಕ್ಕಿದೆಯೆಂದು ಅದೇ ನ್ಯಾಯಾಲಯ 2025ರ ಜನವರಿಯಲ್ಲಿ ತೀರ್ಮಾನಿಸಿತು. ಆದರೆ ಈ ಪರಿಹಾರ ಸುಪ್ರೀಂ ಕೋರ್ಟಿನವರೆಗೆ ಹೋರಾಡಿದ ಮೇಲೆ ದೊರೆತುದು.

ಮೂರನೆಯ ಹಾನಿ ಹೆಚ್ಚು ಸೂಕ್ಷ್ಮವಾದುದು. ಪರಸ್ಪರ ಒಪ್ಪಿಗೆಯಿಂದ ಬೇರೆ ವಾಸಿಸುತ್ತಿರುವ ಹೆಂಡತಿಗೆ ಜೀವನಾಂಶ ಇಲ್ಲವೆಂದು 125ನೆಯ ಕಲಮು ಹೇಳುತ್ತಿತ್ತು. ಈಗ ಅದರ ಸ್ಥಾನದಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮೂ ಅದನ್ನೇ ಹೇಳುತ್ತದೆ. 'ನಾವಿಬ್ಬರೂ ರಾಜಿಖುಷಿಯಿಂದ ಬೇರೆ ಇದ್ದೇವೆ' ಎಂಬ ಛಾಪಾ ಕಾಗದದ ವಾಕ್ಯ ಮದುವೆಯನ್ನು ಹರಿಯದು. ಆದರೆ ಅವಳ ಅನ್ನದ ಅರ್ಜಿಗೆ ಅಡ್ಡಬರಬಲ್ಲದು. ಡಿಕ್ರಿ ಪಡೆದು ವಿಚ್ಛೇದಿತಳಾದವಳು ಮರುಮದುವೆಯಾಗುವವರೆಗೆ 'ಹೆಂಡತಿ' ಎಂಬ ವ್ಯಾಖ್ಯೆಯೊಳಗೇ ಬರುತ್ತಾಳೆಂಬುದನ್ನು ಇದರೊಡನೆ ಹೋಲಿಸಿದರೆ ಎರಡು ಕಾಗದಗಳ ಅಂತರ ತಿಳಿಯುತ್ತದೆ. ಮುಸ್ಲಿಂ ಹೆಣ್ಣುಮಕ್ಕಳ ವಿಷಯದಲ್ಲಿಯೂ ತಿಳಿವಳಿಕೆಯ ಬೆಲೆ ಕಡಿಮೆಯದಲ್ಲ. ಒಮ್ಮೆಗೇ ಹೇಳಿದ ಮೂರು ತಲಾಖ್ 2017ರಲ್ಲಿ ಅಸಿಂಧುವಾಗಿ 2019ರ ಕಾಯಿದೆಯಿಂದ ಅಪರಾಧವಾಯಿತು. ವಿಚ್ಛೇದಿತ ಮುಸ್ಲಿಂ ಮಹಿಳೆಗೂ 125ನೆಯ ಕಲಮಿನ ಪರಿಹಾರವಿದೆಯೆಂದು 2024ರಲ್ಲಿ ಸುಪ್ರೀಂ ಕೋರ್ಟು ದೃಢಪಡಿಸಿತು.

ಹರಿದು ಹಂಚಿದ ಲೆಕ್ಕ

ದೈವ ಒಂದೇ ಕೂಟದಲ್ಲಿ ಮುಗಿಸುತ್ತಿದ್ದ ಲೆಕ್ಕವನ್ನು ಆಧುನಿಕ ಕಾನೂನು ಬೇರೆ ಬೇರೆ ಕಲಮುಗಳಿಗೆ ಹಂಚಿತು. ಹಿಂದೂ ವಿವಾಹ ಕಾಯಿದೆಯಲ್ಲಿ ವಿಚ್ಛೇದನ 13ನೆಯ ಕಲಮಿನಲ್ಲಿ, ದಾವೆ ನಡೆಯುವಾಗಿನ ಖರ್ಚು 24ರಲ್ಲಿ, ಶಾಶ್ವತ ಜೀವನಾಂಶ 25ರಲ್ಲಿ, ಮಕ್ಕಳ ಪಾಲನೆ 26ರಲ್ಲಿ, ಮದುವೆಯಲ್ಲಿ ಬಂದ ಜಂಟಿ ವಸ್ತುಗಳು 27ರಲ್ಲಿ ಇವೆ. ವಾಸದ ಹಕ್ಕು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯಲ್ಲಿದೆ. ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ, ಗಂಡನ ಮನೆಯವರು ಅದನ್ನು ಇಟ್ಟುಕೊಂಡವರು ಮಾತ್ರ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಸ್ಪಷ್ಟಪಡಿಸಿತು. ಆದರೆ ಆಯೇರಿಯಲ್ಲಿ ಬಂದುದರ ಯಾದಿಯನ್ನಾಗಲಿ ಬಂಗಾರದ ಪಾವತಿಗಳನ್ನಾಗಲಿ ಇಟ್ಟುಕೊಳ್ಳದಿದ್ದರೆ ಈ ಹಕ್ಕು ಮಾತಿನಲ್ಲಿಯೇ ಉಳಿಯುತ್ತದೆ. ಕೇಳದೆ ಬಿಟ್ಟ ಕಲಮು ತಾನಾಗಿ ಬರುವುದಿಲ್ಲ.

1976ರ ತಿದ್ದುಪಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನು 13-ಬಿ ಕಲಮಿನ ಮೂಲಕ ತಂದಿತು. ದೈವದ ಎದುರಿನ ರಾಜಿಬಿಡುಗಡೆ ಶತಮಾನದ ಬಳಿಕ ಶಾಸನದ ರೂಪದಲ್ಲಿ ಮರಳಿತೆನ್ನಬಹುದು. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿಯ ಬಳಿಕ ಆರು ತಿಂಗಳು ಕಾಯಬೇಕು. ಈ ಆರು ತಿಂಗಳ ಅವಧಿಯನ್ನು ಸೂಕ್ತ ಸಂದರ್ಭದಲ್ಲಿ ನ್ಯಾಯಾಲಯ ಬಿಡಬಹುದೆಂದು 2017ರಲ್ಲಿ ತೀರ್ಮಾನವಾಯಿತು. ಈ ದಾರಿ ಸುಲಭವಾದುದರಿಂದಲೇ ಇದರಲ್ಲಿ ಅವಸರದ ತಪ್ಪುಗಳೂ ಹೆಚ್ಚು. ಬೇಗ ಮುಗಿದರೆ ಸಾಕೆಂದು ಜೀವನಾಂಶವನ್ನು ಅಲ್ಪ ಮೊತ್ತಕ್ಕೆ ಬಿಟ್ಟುಕೊಡುವುದು ಅವುಗಳಲ್ಲಿ ಮುಖ್ಯ. ಜೀವನಾಂಶದ ಅರ್ಜಿಯ ರಾಜಿಯಲ್ಲಿ 8,000 ರೂಪಾಯಿಗಳ ಒಂದೇ ಮೊತ್ತಕ್ಕೆ ಒಪ್ಪಿದ್ದ ಕರ್ನಾಟಕದ ಮಹಿಳೆಯೊಬ್ಬರ ಪ್ರಕರಣದಲ್ಲಿ, ಅಂಥ ರಾಜಿ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ ಹಕ್ಕನ್ನು ಮುಚ್ಚಲಾರದೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಆದಾಯವನ್ನು ಮರೆಮಾಚುವುದನ್ನು ತಡೆಯಲು ಇಬ್ಬರೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕೆಂದೂ, ಜೀವನಾಂಶವನ್ನು ಅರ್ಜಿಯ ದಿನದಿಂದಲೇ ಕೊಡಿಸಬೇಕೆಂದೂ 2020ರ ನವೆಂಬರಿನಲ್ಲಿ ಆದೇಶವಾಯಿತು. ಅರ್ಜಿ ತಡವಾದಷ್ಟು ತಿಂಗಳುಗಳ ಜೀವನಾಂಶ ಕೈತಪ್ಪುತ್ತದೆಂಬುದು ಇದರ ವ್ಯಾವಹಾರಿಕ ಅರ್ಥ. ಕೋರ್ಟಿನ ಸಮನ್ಸು ತಲುಪಿದಾಗ ಹೆದರಿ ಹೋಗದಿರುವುದು, ಅದರಿಂದ ಏಕಪಕ್ಷೀಯ ಡಿಕ್ರಿಯಾಗುವುದು, ಮೇಲ್ಮನವಿಯ ಅವಧಿ ಮುಗಿಯುವ ಮೊದಲೇ ಮರುಮದುವೆ ನಿಶ್ಚಯಿಸುವುದು ಇವೂ ಇದೇ ವರ್ಗದ ತಪ್ಪುಗಳು.

ನೆರವಿನ ಹೊಸ ಕಟ್ಟೆ

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಖರ್ಚಿನ ಭಯದಿಂದ ಹುಟ್ಟಿದುದು. ಈ ಭಯವೇ ಜನರನ್ನು ಛಾಪಾ ಕಾಗದದ ಅಗ್ಗದ ದಾರಿಗೆ ನೂಕಿತು. 1976ರಲ್ಲಿ ಸಂವಿಧಾನಕ್ಕೆ ಸೇರಿದ 39-ಎ ಅನುಚ್ಛೇದ ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆಯೆಂದಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಿಂದ ಜಾರಿಗೆ ಬಂದಿತು. ಅದರ 12ನೆಯ ಕಲಮಿನಂತೆ ಆದಾಯ ಎಷ್ಟೇ ಇರಲಿ ಮಹಿಳೆಗೆ ಉಚಿತ ನೆರವಿನ ಹಕ್ಕಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ಅಂಗವಿಕಲರಿಗೂ ಹಾಗೆಯೇ ಇದೆ. ವಕೀಲರ ಶುಲ್ಕ, ಕೋರ್ಟು ಶುಲ್ಕ, ನಕಲುಗಳ ಖರ್ಚು ಇದರಲ್ಲಿ ಸೇರುತ್ತವೆ. ಧಾರವಾಡದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲೂಕು ಸಮಿತಿಗಳು, ಹೈಕೋರ್ಟು ಪೀಠದ ಕಾನೂನು ಸೇವಾ ಸಮಿತಿ, 15100 ಎಂಬ ಉಚಿತ ಸಹಾಯವಾಣಿ ಈ ವ್ಯವಸ್ಥೆಯ ಅಂಗಗಳು. ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಮತ್ತು ಅವಳಿ ನಗರದ ಕಾನೂನು ಕಾಲೇಜುಗಳಿಂದ ತಿಳಿದವರ ಪರಂಪರೆಯೊಂದು ಈ ನೆಲದಲ್ಲಿಯೇ ಬೆಳೆಯುತ್ತಿದೆ.

1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು ರಾಜಿಗೆ ಮೊದಲ ಸ್ಥಾನ ಕೊಟ್ಟು, ಆಪ್ತಸಮಾಲೋಚಕರನ್ನು ಒದಗಿಸಿ, ವಕೀಲರ ಪ್ರವೇಶವನ್ನು ನ್ಯಾಯಾಲಯದ ಅನುಮತಿಗೆ ಒಳಪಡಿಸಿತು. ಕಟ್ಟೆಯ ಸಲುಗೆಯನ್ನು ಕೋರ್ಟಿನೊಳಗೆ ತರುವುದು ಇದರ ಆಶಯ. ಆದರೆ ಕಲಮುಗಳು ಹೆಚ್ಚಿದಂತೆ ತಿಳಿದವರ ಸಲಹೆಯಿಲ್ಲದೆ ಒಬ್ಬಂಟಿಯಾಗಿ ನಿಲ್ಲುವುದು ಕಷ್ಟ. ಹೆಣ್ಣು ತಾನಿರುವ ಊರಿನಲ್ಲಿಯೇ ಅರ್ಜಿ ಹಾಕಬಹುದೆಂಬ 2003ರ ತಿದ್ದುಪಡಿ ಇದಕ್ಕೆ ಒಳ್ಳೆಯ ಉದಾಹರಣೆ. ಹುಬ್ಬಳ್ಳಿಯ ತವರಿಗೆ ಮರಳಿದವಳು ಗಂಡನೂರಿನ ಕೋರ್ಟಿಗೆ ಅಲೆಯಬೇಕಾಗಿಲ್ಲ. ಆದರೆ ಈ ಮಾತನ್ನು ಅವಳಿಗೆ ಯಾರಾದರೂ ಹೇಳಬೇಕು.

ಈ ಸಮೀಕ್ಷೆಯಿಂದ ತಿಳಿದುಬರುವುದಿಷ್ಟು. ಹುಬ್ಬಳ್ಳಿ-ಧಾರವಾಡ ಪರಿಸರದ ಜನಸಾಮಾನ್ಯರು ವಿಚ್ಛೇದನವನ್ನು ಕೋರ್ಟಿನಿಂದ ಕಲಿತವರಲ್ಲ. ಹೊಸದಾಗಿ ಬಂದುದು ಅದರ ಸಿಂಧುತ್ವದ ಮಾನದಂಡ. ದೈವದ ಪಕ್ಷಪಾತದಿಂದ ಹೆಣ್ಣನ್ನು ಬಿಡಿಸಿದ ಕಾನೂನು, ದೈವದಲ್ಲಿದ್ದ ಸಾಕ್ಷಿತ್ವ ಮತ್ತು ಒಟ್ಟು ಲೆಕ್ಕಗಳಿಗೆ ಬದಲಿಯನ್ನು ಬಹುಕಾಲ ಕೊಡಲಿಲ್ಲ. ಆ ತೆರವಿನಲ್ಲಿ ಛಾಪಾ ಕಾಗದ ಬಂದು ಕುಳಿತಿತು. ಕಾನೂನು ನೆರವಿನ ನಿಜವಾದ ಕೆಲಸ ಹರಿದು ಹಂಚಿದ ಕಲಮುಗಳನ್ನು ಒಬ್ಬ ಹೆಣ್ಣುಮಗಳ ಎದುರಿಗೆ ಮತ್ತೆ ಒಂದೇ ಲೆಕ್ಕವಾಗಿ ಕೂಡಿಸಿ, ರುಜು ಹಾಕುವ ಮೊದಲು ಕಾಗದವನ್ನು ಅವಳ ಮಾತಿನಲ್ಲಿ ಓದಿ ಹೇಳುವುದು. ಸೋಡಚೀಟಿ, ಫಾರಕತಿ, ಉಡಿಕೆ ಎಂಬ ಪದಗಳು ಇನ್ನೂ ಬದುಕಿರುವ ಈ ಸೀಮೆಯಲ್ಲಿ ಆ ಪದಗಳ ಅರ್ಥವನ್ನು ಬಲ್ಲ ಜಾನಪದ ವಿದ್ವಾಂಸರಿಗೂ ಈ ಕಾರ್ಯದಲ್ಲಿ ಪಾಲಿದೆ. ರೂಢಿಯನ್ನು ಸಾಬೀತುಪಡಿಸಬೇಕೆಂದು ನ್ಯಾಯಾಲಯ ಕೇಳುವಾಗ ಅದಕ್ಕೆ ಬೇಕಾದ ಸಾಕ್ಷ್ಯ ಹಳ್ಳಿಯ ಹಿರಿಯರ ನೆನಪಿನಲ್ಲಿ, ಮನೆಗಳ ಅಟ್ಟದ ಹಳೆಯ ಚೀಟಿಗಳಲ್ಲಿ ಇದೆ. ಅವು ಕಣ್ಮರೆಯಾಗುವ ಮುನ್ನ ಸಂಗ್ರಹಗೊಂಡರೆ ಇತಿಹಾಸಕ್ಕೂ ನ್ಯಾಯಕ್ಕೂ ಉಪಕಾರವಾದೀತು.